ಕೋರ್ಟ್ ಮೊದಲು ಕೇಳುವುದು ಡಿಎನ್‌ಎ ವರದಿಯನ್ನಲ್ಲ, ಆಗ ನೀವು ಎಲ್ಲಿದ್ದಿರಿ ಎಂದು

ಓದುಗರ ಪ್ರಶ್ನೆ: ನನಗೆ 37 ವರ್ಷ, ಹುಬ್ಬಳ್ಳಿ ಹತ್ತಿರದವನು. 2016ರಲ್ಲಿ ಮದುವೆಯಾಯಿತು. 2017ರ ಅಕ್ಟೋಬರ್ 2ರಂದು ಕೆಲಸಕ್ಕೆ ಮಸ್ಕತ್‌ಗೆ ಹೋದವನು ಅಲ್ಲಿ ಹೊಂದಿಕೆಯಾಗದೆ ಡಿಸೆಂಬರ್ 8ರಂದು ವಾಪಸ್ ಬಂದೆ. 2018ರ ಆಗಸ್ಟ್ 14ರಂದು ಮಗ ಹುಟ್ಟಿದ. ತೂಕ 2.9 ಕೆ.ಜಿ. ಇತ್ತು. ಹೋದ ವರ್ಷ ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಅವನ ರಕ್ತದ ಗುಂಪು ‘ಎ ಪಾಸಿಟಿವ್’ ಎಂದು ಬರೆದುಕೊಟ್ಟರು. ನನ್ನದು ‘ಒ’, ಹೆಂಡತಿಯದು ‘ಬಿ’. ಲೆಕ್ಕ ಹಾಕಿದರೆ ಒಂಬತ್ತು ತಿಂಗಳ ಹಿಂದೆ ನಾನು ಊರಲ್ಲೇ ಇರಲಿಲ್ಲ. ಆನ್‌ಲೈನ್‌ನಲ್ಲಿ ಡಿಎನ್‌ಎ ಪರೀಕ್ಷೆಯ ಕಿಟ್ ತರಿಸಿ, ಯಾರಿಗೂ ಹೇಳದೆ ನನ್ನ ಮತ್ತು ಮಗನ ಕೆನ್ನೆಯೊಳಗಿನ ಸ್ವಾಬ್ ಕಳುಹಿಸಿದೆ. ಡಿಎನ್‌ಎ ಎಳೆಯ 16 ಜಾಗಗಳಲ್ಲಿ 7 ಹೊಂದುವುದಿಲ್ಲ, ‘ತಂದೆಯಲ್ಲ’ ಎಂದು ವರದಿ ಬಂದಿದೆ. ಜಗಳವಾಗಿ ಹೆಂಡತಿ ತವರಿಗೆ ಹೋದಳು. ಈಗ ತನಗೆ ತಿಂಗಳಿಗೆ 10,000, ಮಗನಿಗೆ 15,000 ರೂಪಾಯಿ ಜೀವನಾಂಶ ಕೇಳಿ ಕೇಸು ಹಾಕಿದ್ದಾಳೆ. ವರದಿ ತೋರಿಸಿದರೆ ಮೊದಲ ದಿನವೇ ಕೇಸು ವಜಾ, ಅಲ್ಲಿಯವರೆಗೆ ಒಂದು ಪೈಸೆಯನ್ನೂ ಕೊಡಬೇಡ ಎನ್ನುತ್ತಾನೆ ಗೆಳೆಯ. ಅಷ್ಟು ಸುಲಭವಲ್ಲ ಎನ್ನುತ್ತಾರೆ ವಕೀಲರು. ಯಾರ ಮಾತು ಸರಿ?

ಉತ್ತರ: ವಕೀಲರ ಮಾತು ಸರಿ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಮಗು ನಿಮ್ಮ ರಕ್ತದ್ದೇ ಅಲ್ಲವೇ ಎಂಬುದು ಒಂದು. ಕಾನೂನಿನ ಕಣ್ಣಲ್ಲಿ ಅದರ ತಂದೆ ಯಾರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪ್ರಯೋಗಾಲಯ ಉತ್ತರ ಕೊಡುತ್ತದೆ. ಎರಡನೆಯದನ್ನು ಹೇಳುವುದು ಸಾಕ್ಷ್ಯ ಕಾಯ್ದೆ, ಅದು ಹಿಡಿಯುವ ದಾರಿಯೇ ಬೇರೆ.

ರಕ್ತದ ಗುಂಪಿನಿಂದ ಶುರು ಮಾಡೋಣ, ಅನುಮಾನ ಹುಟ್ಟಿದ್ದೇ ಅಲ್ಲಿಂದ. ‘ಒ’ ಗುಂಪಿನ ತಂದೆಗೂ ‘ಬಿ’ ಗುಂಪಿನ ತಾಯಿಗೂ ಹುಟ್ಟುವ ಮಗು ‘ಬಿ’ ಇಲ್ಲವೇ ‘ಒ’ ಆಗಿರಬೇಕು, ‘ಎ’ ಆಗುವಂತಿಲ್ಲ. ಪಠ್ಯಪುಸ್ತಕದ ಮಟ್ಟಿಗೆ ನಿಮ್ಮ ಲೆಕ್ಕ ಸರಿಯಾಗಿದೆ. ಆದರೆ ಶಾಲಾ ಶಿಬಿರಗಳಲ್ಲಿ ಗುಂಪು ನೋಡುವುದು ಗಾಜಿನ ಸ್ಲೈಡ್ ಮೇಲೆ ಒಂದು ಹನಿ ರಕ್ತ, ಒಂದು ಹನಿ ದ್ರಾವಣ ಹಾಕಿ. ಇನ್ನೂರು ಮಕ್ಕಳು ಸಾಲಿನಲ್ಲಿ ನಿಂತಿರುವಾಗ ಸ್ಲೈಡ್ ಅದಲು ಬದಲಾಗುವುದು, ಹೆಸರಿನ ಮುಂದೆ ತಪ್ಪು ಗುಂಪು ಬೀಳುವುದು ದೊಡ್ಡ ಸಂಗತಿಯೇನಲ್ಲ. ನಿಮ್ಮ ಕಾರ್ಡೂ ಅಂಥದೇ ಯಾವುದೋ ಶಿಬಿರದ್ದಾಗಿರಬಹುದು. ಇದಲ್ಲದೆ ನಮ್ಮ ದೇಶದಲ್ಲಿ ಮರೆಯಬಾರದ ಒಂದು ಅಪರೂಪವಿದೆ. 1952ರಲ್ಲಿ ಮುಂಬೈಯಲ್ಲಿ ಗುರುತಿಸಲಾದ ‘ಬಾಂಬೆ ಬ್ಲಡ್ ಗ್ರೂಪ್’. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರಲ್ಲಿ ಇರುವ ಈ ಗುಂಪು ಮಾಮೂಲಿ ಪರೀಕ್ಷೆಯಲ್ಲಿ ‘ಒ’ ಎಂದೇ ಕಾಣುತ್ತದೆ. ಒಳಗೆ ಮಾತ್ರ ‘ಎ’ ವಂಶವಾಹಿ ಇರಬಹುದು, ಅದು ಮಗುವಿಗೆ ದಾಟಿ ‘ಎ’ ಆಗಿ ಕಾಣಿಸಿಕೊಳ್ಳಬಹುದು. ಸಾಧ್ಯತೆ ತೀರಾ ಕಡಿಮೆ, ಆದರೆ ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆ ಇದೇ ಆಗಬಹುದು. ರಕ್ತನಿಧಿಗೆ ಹೋಗಿ ನಿಮ್ಮ ಗುಂಪನ್ನು ಫಾರ್ವರ್ಡ್, ರಿವರ್ಸ್ ಎರಡೂ ವಿಧಾನದಲ್ಲಿ, ಜೊತೆಗೆ ‘ಆ್ಯಂಟಿ-ಎಚ್’ ಹಾಕಿ ನೋಡಲು ಹೇಳಿ.

ಇನ್ನು ಖಾಸಗಿ ಡಿಎನ್‌ಎ ವರದಿ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಪ್ರತಿ ಜಾಗದಲ್ಲೂ ಪ್ರತಿಯೊಬ್ಬರಿಗೂ ಎರಡು ಸಂಖ್ಯೆ ಇರುತ್ತವೆ, ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ತಂದೆಯ ಎರಡರಲ್ಲಿ ಒಂದು ಮಗುವಿನಲ್ಲಿ ಇರಲೇಬೇಕು. ನೀವು ಕಳುಹಿಸಿದ ಪುಟದ ಮೊದಲ ಸಾಲಿನಲ್ಲೇ ನಿಮ್ಮ ಮುಂದೆ 15 ಮತ್ತು 16, ಮಗುವಿನ ಮುಂದೆ 14 ಮತ್ತು 17 ಇದೆ. ಸಮಾನವಾದದ್ದು ಒಂದೂ ಇಲ್ಲ. ಒಂದೆರಡು ಕಡೆ ಹೀಗಾದರೆ ವಂಶವಾಹಿಯ ಸಹಜ ರೂಪಾಂತರ ಇರಬಹುದೆಂದು ಪ್ರಯೋಗಾಲಯಗಳು ಅನುಮಾನದ ಲಾಭ ಕೊಡುತ್ತವೆ. ಏಳು ಕಡೆ ಹೊಂದದಿದ್ದರೆ ಕೊಡುವುದಿಲ್ಲ. ಅಂದರೆ ಆ ಎರಡು ಸ್ವಾಬ್‌ಗಳು ತಂದೆ-ಮಗನದ್ದಲ್ಲ.

ತೊಡಕಿರುವುದು ‘ಆ ಎರಡು ಸ್ವಾಬ್’ ಎಂಬ ಮಾತಿನಲ್ಲಿ. ಅವು ಯಾರ ಬಾಯಿಯಿಂದ ಬಂದವು ಎಂಬುದಕ್ಕೆ ನಿಮ್ಮ ಮಾತೊಂದೇ ಸಾಕ್ಷಿ. ಸ್ವಾಬ್ ತೆಗೆದಾಗ ಸಾಕ್ಷಿಗಳಿರಲಿಲ್ಲ, ಫೋಟೊ ಇಲ್ಲ, ಹೆಬ್ಬೆಟ್ಟಿನ ಗುರುತಿಲ್ಲ, ಮೊಹರಿಲ್ಲ. ಇಂಥ ಕಿಟ್‌ಗಳ ವರದಿಯ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಮನಸ್ಸಿನ ಸಮಾಧಾನಕ್ಕಷ್ಟೇ, ನ್ಯಾಯಾಲಯದ ಬಳಕೆಗಲ್ಲ’ ಎಂಬರ್ಥದ ಸಾಲು ಇರುವುದುಂಟು. ನಿಮ್ಮ ವರದಿಯಲ್ಲೂ ಇದೆಯೇ ನೋಡಿ. ಅದನ್ನು ಪ್ರಶ್ನಿಸಲು ಎದುರು ವಕೀಲರಿಗೆ ಹತ್ತು ನಿಮಿಷ ಸಾಕು.

ಕಾನೂನು ಹೇಳುವುದೇನು? ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 112, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 116 ಆಗಿ ಮುಂದುವರಿದಿದೆ. ಮಾತು ಹೆಚ್ಚುಕಡಿಮೆ ಅದೇ. ಊರ್ಜಿತ ಮದುವೆ ಇರುವಾಗ ಹುಟ್ಟಿದ ಮಗು, ಅಥವಾ ಮದುವೆ ಮುರಿದ 280 ದಿನಗಳೊಳಗೆ, ತಾಯಿ ಮತ್ತೆ ಮದುವೆಯಾಗದೆ ಇರುವಾಗ ಹುಟ್ಟಿದ ಮಗು ಆ ಗಂಡನ ಔರಸ (ಕಾನೂನುಬದ್ಧ) ಸಂತಾನ ಎಂಬುದಕ್ಕೆ ಅದೇ ‘ನಿರ್ಣಾಯಕ ರುಜುವಾತು’. ಒಂದೇ ಒಂದು ಬಾಗಿಲು ತೆರೆದಿದೆ: ಮಗು ಗರ್ಭದಲ್ಲಿ ನಿಂತಿರಬಹುದಾದ ಕಾಲದಲ್ಲಿ ಗಂಡ-ಹೆಂಡತಿಗೆ ಪರಸ್ಪರ ದೈಹಿಕ ಸಂಪರ್ಕಕ್ಕೆ ಅವಕಾಶವೇ ಇರಲಿಲ್ಲ ಎಂದು ತೋರಿಸುವುದು. ‘ಅವಕಾಶ’ ಎಂಬ ಪದ ಗಮನಿಸಿ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟಿದ್ದೆವು, ಬೇರೆ ಕೋಣೆಯಲ್ಲಿ ಮಲಗುತ್ತಿದ್ದೆವು ಎಂದರೆ ಸಾಲದು. ಇದು ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಎಲ್ಲರಿಗೂ ಅನ್ವಯಿಸುತ್ತದೆ.

1872ರಲ್ಲಿ ಈ ಕಲಂ ಬರೆದಾಗ ಡಿಎನ್‌ಎ ಎಂಬ ಹೆಸರೂ ಹುಟ್ಟಿರಲಿಲ್ಲ. 2003ರಲ್ಲಿ ಕಾನೂನು ಆಯೋಗ ತನ್ನ 185ನೇ ವರದಿಯಲ್ಲಿ ವೈಜ್ಞಾನಿಕ ಪರೀಕ್ಷೆಗೂ ಜಾಗ ಮಾಡಿಕೊಡಿ ಎಂದು ಶಿಫಾರಸು ಮಾಡಿತು. 2023ರಲ್ಲಿ ಸಂಸತ್ತು ಇಡೀ ಕಾಯ್ದೆಯನ್ನು ಹೊಸದಾಗಿ ಬರೆದಾಗಲೂ ಆ ವಿನಾಯಿತಿ ಸೇರಲಿಲ್ಲ. ಹಾಗಾಗಿ ಇಂದಿಗೂ ಈ ಬಾಗಿಲಿನ ಕೀಲಿ ಇರುವುದು ತಾರೀಖುಗಳಲ್ಲಿ, ವಂಶವಾಹಿಯಲ್ಲಲ್ಲ.

ತೀರ್ಪುಗಳೂ ಇದೇ ಜಾಡಿನಲ್ಲಿವೆ. 1993ರ ಗೌತಮ್ ಕುಂಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೇಳಿದ ಕೂಡಲೇ ರಕ್ತ ಪರೀಕ್ಷೆಗೆ ಆದೇಶಿಸುವಂತಿಲ್ಲ, ಸಂಪರ್ಕವಿರಲಿಲ್ಲ ಎಂಬುದಕ್ಕೆ ಗಂಡ ಮೇಲ್ನೋಟಕ್ಕೆ ಬಲವಾದ ಆಧಾರ ತೋರಿಸಬೇಕು ಎಂದಿತು. ಗಂಡ-ಹೆಂಡತಿ ಒಟ್ಟಿಗಿದ್ದರೆಂದು ಸಾಬೀತಾದ ಮೇಲೆ ಡಿಎನ್‌ಎ ‘ಇಲ್ಲ’ ಎಂದರೂ ಈ ಕಲಂನ ಹಿಡಿತದಿಂದ ಪಾರಾಗಲಾಗದು ಎಂದು 2001ರಲ್ಲಿ ಹೇಳಿತು. 2014ರಲ್ಲಿ ಮಾತ್ರ ಗಂಡನ ಪರ ನಿಂತಿತು: ವಿಜ್ಞಾನ ಖಚಿತವಾಗಿ ಬೇರೆ ಹೇಳುವಾಗ ಕಾನೂನಿನ ಕಲ್ಪನೆಯನ್ನು ಹಿಡಿದು ಕೂರಲಾಗದು ಎಂದು ಮಗುವಿನ ಜೀವನಾಂಶದ ಆದೇಶವನ್ನು ರದ್ದು ಮಾಡಿತು. ನಿಮ್ಮ ಗೆಳೆಯ ಎಲ್ಲೋ ಕೇಳಿರುವುದು ಈ ತೀರ್ಪನ್ನೇ ಇರಬೇಕು. ಆದರೆ ಅಲ್ಲಿ ಹೆಂಡತಿ ವರ್ಷಗಳಿಂದ ತನ್ನ ಜೊತೆಗಿರಲಿಲ್ಲ ಎಂದು ಗಂಡ ಮೊದಲಿಂದಲೇ ವಾದಿಸಿದ್ದ. ಪರೀಕ್ಷೆ ನಡೆದದ್ದು ಕೋರ್ಟಿನ ಆದೇಶದಲ್ಲಿ. ಹೆಂಡತಿ ಒಪ್ಪದೆ ಮತ್ತೊಮ್ಮೆ ಕೇಳಿದಾಗ ಹೈದರಾಬಾದ್‌ನ ಸಿಡಿಎಫ್‌ಡಿಯಲ್ಲಿ (ಡಿಎನ್‌ಎ ಪರೀಕ್ಷೆಯ ಕೇಂದ್ರ ಸರ್ಕಾರಿ ಸಂಸ್ಥೆ) ಎರಡನೇ ಪರೀಕ್ಷೆಯೂ ಆಯಿತು. ಅಂಚೆಯಲ್ಲಿ ಬಂದ ಕಿಟ್ ಅಲ್ಲ.

2023ರ ಫೆಬ್ರುವರಿಯ ತೀರ್ಪು ನಿಮಗೆ ಇನ್ನೂ ಹತ್ತಿರದ್ದು. ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದ ಪೀಠ ಅದು. ಅಲ್ಲೂ ಗಂಡನ ಕೈಯಲ್ಲಿ ಖಾಸಗಿ ಡಿಎನ್‌ಎ ವರದಿ ಇತ್ತು. ಹೆಂಡತಿಯ ವ್ಯಭಿಚಾರ ಸಾಬೀತು ಮಾಡಲು ಮಗುವಿನ ಪರೀಕ್ಷೆ ಆಗಲಿ ಎಂದ. ಸಂಪರ್ಕವಿರಲಿಲ್ಲ ಎಂದು ಅವನು ವಾದಿಸಿಯೇ ಇರಲಿಲ್ಲ. ಕೆಳಗಿನ ಕೋರ್ಟ್ ಮತ್ತು ಹೈಕೋರ್ಟ್ ಒಪ್ಪಿದ್ದ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ ತಡೆಯಿತು. ದೊಡ್ಡವರ ಜಗಳದಲ್ಲಿ ಮಗುವನ್ನು ಸಾಕ್ಷ್ಯದ ವಸ್ತುವಾಗಿ ಬಳಸಬೇಡಿ ಎಂಬುದು ಅದರ ಸಾರ. 2025ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲೂ, ಮೊದಲು ಸಂಪರ್ಕದ ಪ್ರಶ್ನೆ, ಅದನ್ನು ದಾಟಿದ ಮೇಲಷ್ಟೇ ಡಿಎನ್‌ಎ ಎಂಬ ಕ್ರಮವನ್ನೇ ಗಟ್ಟಿ ಮಾಡಿತು.

ಈಗ ನಿಮ್ಮ ತಾರೀಖುಗಳು. ನಿಮ್ಮ ಇಡೀ ಕೇಸು ನಿಂತಿರುವುದು ಇವುಗಳ ಮೇಲೆ. ನೀವು ಅಂದುಕೊಂಡಷ್ಟು ಗಟ್ಟಿಯಾಗಿ ಇವು ನಿಂತಿಲ್ಲ.

ವೈದ್ಯರು ಹೇಳುವ 40 ವಾರ, 280 ದಿನ ಲೆಕ್ಕವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ನಿಲ್ಲುವುದು ಅದರ ಸುಮಾರು ಎರಡು ವಾರದ ನಂತರ. ಹಾಗಾಗಿ ನಿಂತ ದಿನದಿಂದ ಹೆರಿಗೆಗೆ ಸುಮಾರು 266 ದಿನ. 2018ರ ಆಗಸ್ಟ್ 14ರಿಂದ 266 ದಿನ ಹಿಂದಕ್ಕೆ ಎಣಿಸಿದರೆ 2017ರ ನವೆಂಬರ್ 21 ಬರುತ್ತದೆ. ಆಗ ನೀವು ಮಸ್ಕತ್‌ನಲ್ಲಿದ್ದಿರಿ, ಸರಿ. ಆದರೆ ಆ 266 ಸರಾಸರಿ ಮಾತ್ರ. ನೀವು ಮರಳಿದ ಡಿಸೆಂಬರ್ 8ರಂದೇ ಗರ್ಭ ನಿಂತಿತು ಎಂದುಕೊಂಡರೆ ಹೆರಿಗೆಗೆ 249 ದಿನ. ಮುಟ್ಟಿನ ಲೆಕ್ಕದಲ್ಲಿ 37 ವಾರ 4 ದಿನ. 37 ವಾರ ದಾಟಿದರೆ ಅದನ್ನು ಅವಧಿಪೂರ್ವ ಹೆರಿಗೆ ಎನ್ನುವುದೂ ಇಲ್ಲ. 2.9 ಕೆ.ಜಿ. ತೂಕ ಆ ಅವಧಿಗೆ ಏನೂ ವಿಚಿತ್ರವಲ್ಲ. ‘ನನ್ನ ಗಂಡ ಡಿಸೆಂಬರ್ ಎರಡನೇ ವಾರ ಮನೆಯಲ್ಲೇ ಇದ್ದರು’ ಎಂದು ನಿಮ್ಮ ಹೆಂಡತಿ ಒಂದು ಮಾತು ಹೇಳಿದರೆ ಸಾಕು, ಡಿಸೆಂಬರ್ 8ರ ನಿಮ್ಮದೇ ವಿಮಾನ ಟಿಕೆಟ್ ಅವರ ಸಾಕ್ಷಿಯಾಗಿಬಿಡುತ್ತದೆ.

ಅಕ್ಟೋಬರ್ 2ರ ಮೊದಲಿನ ದಾರಿ ಮಾತ್ರ ಮುಚ್ಚಿದೆ. ಅಲ್ಲಿಂದ ಹೆರಿಗೆಗೆ 316 ದಿನ, ಅಷ್ಟು ದೀರ್ಘ ಗರ್ಭಧಾರಣೆ ನಡೆಯುವ ಮಾತಲ್ಲ. ಆದ್ದರಿಂದ ಜಗಳವೆಲ್ಲ ಡಿಸೆಂಬರ್ 8ರ ಆಚೆಯೋ ಈಚೆಯೋ ಎಂಬ ಒಂದೇ ಗೆರೆಯ ಮೇಲೆ.

ಇದನ್ನು ತೀರ್ಮಾನಿಸಬಲ್ಲ ಕಾಗದ ಒಂದಿದೆ, ಮೊದಲ ಮೂರು ತಿಂಗಳಲ್ಲಿ ಮಾಡಿದ ಸ್ಕ್ಯಾನ್. ಉದಾಹರಣೆಗೆ 2018ರ ಜನವರಿ 10ರಂದು ಸ್ಕ್ಯಾನ್ ಆಗಿದೆ ಎಂದಿಟ್ಟುಕೊಳ್ಳಿ. ಗರ್ಭ ನಿಂತದ್ದು ನೀವು ಮರಳಿದ ಮೇಲಾದರೆ ಆ ದಿನಕ್ಕೆ ಹೆಚ್ಚೆಂದರೆ 6 ವಾರ 5 ದಿನ, ಭ್ರೂಣದ ತಲೆಯಿಂದ ಬುಡದವರೆಗಿನ ಉದ್ದ ಏಳೆಂಟು ಮಿಲಿಮೀಟರ್. ನವೆಂಬರ್ ಮೂರನೇ ವಾರದ್ದಾದರೆ 9 ವಾರ ದಾಟಿರುತ್ತದೆ, ಉದ್ದ ಸುಮಾರು 23 ಮಿಲಿಮೀಟರ್. ಮೊದಲ ತ್ರೈಮಾಸಿಕದ ಅಳತೆಯಲ್ಲಿ ತಪ್ಪುವುದು ಐದರಿಂದ ಏಳು ದಿನ. ಇಲ್ಲಿ ಅಂತರ ಎರಡು ವಾರಕ್ಕೂ ಮೇಲಿದೆ, ಕೂದಲು ಸೀಳುವ ಪ್ರಶ್ನೆಯೇ ಇಲ್ಲ. ಏಳೆಂಟನೇ ತಿಂಗಳ ಸ್ಕ್ಯಾನ್ ತಂದರೆ ಪ್ರಯೋಜನವಿಲ್ಲ, ಅಲ್ಲಿ ಎರಡು ಮೂರು ವಾರದ ಹೆಚ್ಚುಕಡಿಮೆ ಮಾಮೂಲು.

ಈ ಕಾಗದ ಸಿಗುವುದು ಎಲ್ಲಿ? ಮೊದಲು ತಾಯಿ ಕಾರ್ಡ್ ನೋಡಿ. ಅದರಲ್ಲಿ ಕೊನೆಯ ಮುಟ್ಟಿನ ದಿನ, ಹೆರಿಗೆಯ ಅಂದಾಜು ದಿನ, ಮೊದಲ ತಪಾಸಣೆಯ ತಾರೀಖು ಬರೆದಿರುತ್ತಾರೆ. ಅದು ಈಗ ಹೆಂಡತಿಯ ಬಳಿ ಇರುತ್ತದೆ. ಖಾಸಗಿ ಆಸ್ಪತ್ರೆಗಳು ರೋಗಿಯ ಕಡತವನ್ನು ಮೂರು ವರ್ಷ ಇಟ್ಟರೆ ನಿಯಮ ಪಾಲಿಸಿದಂತೆ. ಸ್ಕ್ಯಾನ್ ಸೆಂಟರ್‌ಗಳಿಗೆ ಲಿಂಗಪತ್ತೆ ನಿಷೇಧ ಕಾನೂನಿನಡಿ ದಾಖಲೆ ಇಡಬೇಕಾದ ಅವಧಿ ಎರಡೇ ವರ್ಷ. 2018ರದ್ದು ಅಲ್ಲಿ ಉಳಿದಿರುವ ಸಾಧ್ಯತೆ ಕಡಿಮೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ರಿಜಿಸ್ಟರ್ ಇನ್ನೂ ಇರಬಹುದು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಸಮಯ ಕಳೆಯಬೇಡಿ, ಇನ್ನೊಬ್ಬರ ವೈದ್ಯಕೀಯ ದಾಖಲೆ ಅದರಲ್ಲಿ ಸಿಗುವುದಿಲ್ಲ. ದಾಖಲೆ ಹಾಜರುಪಡಿಸಲು ನಿರ್ದೇಶಿಸಿ ಎಂದು ಕೋರ್ಟಿನಲ್ಲೇ ಅರ್ಜಿ ಹಾಕಬೇಕು. ಮನೆಯ ಬೀರುವಿನಲ್ಲಿ ಹಳೆಯ ಸ್ಕ್ಯಾನ್ ಚಿತ್ರವೋ, ಆಗ ಮೊಬೈಲಿನಲ್ಲಿ ಹಂಚಿಕೊಂಡ ಫೋಟೊವೋ ಇದ್ದರೆ ತಾರೀಖು ಅಳಿಸದಂತೆ ಕಾಪಾಡಿಕೊಳ್ಳಿ. ಒಂದು ಎಚ್ಚರಿಕೆ: ಆ ಸ್ಕ್ಯಾನ್ 6 ವಾರ ಎಂದೇ ಹೇಳಿದರೆ ‘ಸಂಪರ್ಕವಿರಲಿಲ್ಲ’ ಎಂಬ ನಿಮ್ಮ ವಾದ ಅಲ್ಲಿಗೇ ಮುಗಿಯಿತು. ಡಿಎನ್‌ಎ ಏನೇ ಹೇಳಲಿ, 2001ರ ತೀರ್ಪು ನಿಮ್ಮ ಎದುರಿಗೆ ನಿಲ್ಲುತ್ತದೆ.

ನಿಮ್ಮ ಕಡೆಯ ಕಾಗದಗಳು: 2017ರ ಮುದ್ರೆಗಳಿರುವ ಹಳೆಯ ಪಾಸ್‌ಪೋರ್ಟ್ (ನವೀಕರಿಸಿದ್ದರೂ ಹಳೆಯದನ್ನು ಎಸೆಯಬೇಡಿ), ಒಮಾನ್ ವೀಸಾ, ಟಿಕೆಟ್, ಅಲ್ಲಿನ ಕಂಪನಿಯ ಹಾಜರಿ ಅಥವಾ ಸಂಬಳದ ಪತ್ರ, ಆ ಎರಡು ತಿಂಗಳ ಬ್ಯಾಂಕ್ ವಿವರ. ಹೆಂಡತಿ ಆಗ ಮಸ್ಕತ್‌ಗೆ ಬಂದಿರಲಿಲ್ಲ ಎಂಬುದನ್ನೂ ತೋರಿಸಬೇಕು, ಅವರಿಗೆ ಆಗ ಪಾಸ್‌ಪೋರ್ಟೇ ಇರಲಿಲ್ಲವೆಂದರೆ ಕೆಲಸ ಹಗುರ.

ಕೋರ್ಟಿನಲ್ಲಿ ಹೇಗೆ ಎತ್ತಬೇಕು

ಹೆಂಡತಿ ಹಾಕಿರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144ರ ಅರ್ಜಿ ಇರಬೇಕು, ಹಳೆಯ ಸಿಆರ್‌ಪಿಸಿ 125. ಅಲ್ಲಿ ನೀವು ಎದುರುದಾರ. ಮೊದಲ ತಕರಾರಿನಲ್ಲೇ ವಿಷಯ ಎತ್ತಬೇಕು, ಅದೂ ತಾರೀಖು ಸಮೇತ. ‘ಮಗು ನನ್ನದಲ್ಲ, ಆಕೆಯ ನಡತೆ ಸರಿಯಿಲ್ಲ’ ಎಂದು ಬರೆದರೆ ಕೆಟ್ಟಂತೆ. ಹೀಗಿರಲಿ: ‘ದಿನಾಂಕ 02-10-2017ರಿಂದ 08-12-2017ರವರೆಗೆ ಎದುರುದಾರನು ಒಮಾನ್ ದೇಶದ ಮಸ್ಕತ್‌ನಲ್ಲಿದ್ದು, ಒಂದನೇ ಅರ್ಜಿದಾರರು ಭಾರತದಲ್ಲಿದ್ದರು. ಈ ಅವಧಿಯಲ್ಲಿ ಉಭಯತರ ನಡುವೆ ಸಂಪರ್ಕಕ್ಕೆ ಅವಕಾಶವಿರಲಿಲ್ಲ. ಎರಡನೇ ಅರ್ಜಿದಾರನ ಗರ್ಭಧಾರಣೆ ಈ ಅವಧಿಯಲ್ಲೇ ಆಗಿರುತ್ತದೆ.’ ಕೊನೆಯ ವಾಕ್ಯಕ್ಕೆ ಆಧಾರ ಕೈಯಲ್ಲಿದ್ದರೆ ಮಾತ್ರ ಅದನ್ನು ಸೇರಿಸಿ.

ಇದರ ಜೊತೆಗೆ ಪ್ರತ್ಯೇಕ ಮಧ್ಯಂತರ ಅರ್ಜಿಯಲ್ಲಿ ತಾಯಿ, ಮಗು, ನೀವು, ಮೂವರ ಡಿಎನ್‌ಎ ಪರೀಕ್ಷೆ ಕೇಳಬಹುದು. ಮೂವರದ್ದೂ ಏಕೆಂದರೆ, ತಾಯಿಯ ಪಾಲು ಗೊತ್ತಾದರೆ ಮಗುವಿನಲ್ಲಿ ತಂದೆಯಿಂದ ಬಂದ ಸಂಖ್ಯೆ ಯಾವುದೆಂದು ಗೊಂದಲವಿಲ್ಲದೆ ತಿಳಿಯುತ್ತದೆ. ಆದೇಶವಾದರೆ ಬೆಂಗಳೂರಿನ ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೋ ಕೋರ್ಟ್ ಹೇಳಿದ ಬೇರೆ ಕಡೆಗೋ ಪತ್ರ ಹೋಗುತ್ತದೆ, ವೆಚ್ಚವನ್ನು ಸಾಮಾನ್ಯವಾಗಿ ಅರ್ಜಿ ಹಾಕಿದವರೇ ಕಟ್ಟಬೇಕು. ಗೊತ್ತುಮಾಡಿದ ದಿನ ಮೂವರೂ ಗುರುತಿನ ಚೀಟಿಯೊಂದಿಗೆ ಹಾಜರಾಗುತ್ತಾರೆ. ನಮೂನೆಯಲ್ಲಿ ಫೋಟೊ, ಹೆಬ್ಬೆಟ್ಟು, ಸಾಕ್ಷಿಗಳ ಸಹಿ ಬೀಳುತ್ತವೆ. ರಕ್ತವನ್ನು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ತೆಗೆದು ಅಲ್ಲೇ ಮೊಹರು ಮಾಡುತ್ತಾರೆ. ನಿಮಗೆ ಇತ್ತೀಚೆಗೆ ರಕ್ತ ಕೊಟ್ಟಿದ್ದರೆ ಅಥವಾ ಎಂದಾದರೂ ಅಸ್ಥಿಮಜ್ಜೆ ಕಸಿಯಾಗಿದ್ದರೆ ಮೊದಲೇ ಹೇಳಿ, ಫಲಿತಾಂಶ ಕೆಡುತ್ತದೆ. ವರದಿಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ಖಾಸಗಿ ವರದಿಯನ್ನು ಲಗತ್ತಿಸಬೇಕೆ? ನನ್ನ ಅಭಿಪ್ರಾಯದಲ್ಲಿ ಬೇಡ. ಅನುಮಾನ ಹುಟ್ಟಿದ ಹಿನ್ನೆಲೆಯಾಗಿ ಒಂದು ಸಾಲು ಇರಲಿ, ಅದನ್ನೇ ಆಧಾರ ಮಾಡಿಕೊಳ್ಳಬೇಡಿ. ತಾಯಿಗೆ ತಿಳಿಸದೆ ಮಗುವಿನ ಬಾಯಿಂದ ಸ್ವಾಬ್ ತೆಗೆದದ್ದು ನ್ಯಾಯಾಧೀಶರ ಮನಸ್ಸಿನಲ್ಲಿ ಕುಳಿತರೆ ನಿಮ್ಮ ಪಾಸ್‌ಪೋರ್ಟಿನ ಬಲವೂ ತಗ್ಗುತ್ತದೆ.

ಹೆಂಡತಿ ಪರೀಕ್ಷೆಗೆ ಬರದಿದ್ದರೆ? ಬಲವಂತವಾಗಿ ರಕ್ತ ತೆಗೆಯುವುದಿಲ್ಲ. ಆಕೆಯ ವಿರುದ್ಧ ಪ್ರತಿಕೂಲ ಊಹೆ ಮಾಡಬಹುದು ಎಂದು 2014ರದೇ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆ ಊಹೆ ತಾಯಿಯ ಮೇಲೆ, ಮಗುವಿನ ಹಕ್ಕಿನ ಮೇಲಲ್ಲ ಎಂದು 2023ರ ತೀರ್ಪು ಗೆರೆ ಎಳೆಯಿತು.

ಇನ್ನೊಂದು ದಾರಿ, ಕುಟುಂಬ ನ್ಯಾಯಾಲಯದಲ್ಲಿ ಔರಸತ್ವದ ಬಗ್ಗೆಯೇ ಘೋಷಣಾ ದಾವೆ. ಕುಟುಂಬ ನ್ಯಾಯಾಲಯ ಕಾಯ್ದೆಯ ಕಲಂ 7 ಅದಕ್ಕೆ ಅಧಿಕಾರ ಕೊಡುತ್ತದೆ. ಜೀವನಾಂಶದ ಪ್ರಕರಣದ ತೀರ್ಮಾನ ಮಗುವಿನ ಸ್ಥಾನಮಾನವನ್ನು ಎಲ್ಲ ಕಾಲಕ್ಕೂ ನಿರ್ಧರಿಸುವುದಿಲ್ಲ, ಘೋಷಣೆ ನಿರ್ಧರಿಸುತ್ತದೆ. ಕಾಲಮಿತಿ ಮೂರು ವರ್ಷ, ಹಕ್ಕು ಮೊದಲು ಹುಟ್ಟಿದ ದಿನದಿಂದ. ಶಾಲೆಯ ಕಾರ್ಡ್ ಕೈಗೆ ಬಂದ ದಿನದಿಂದಲೇ ಎಣಿಸಿಕೊಂಡು ನಡೆಯಿರಿ. ಇನ್ನೂ ಮುಂಚಿನಿಂದ ಗೊತ್ತಿತ್ತು ಎಂದು ಎದುರು ಪಕ್ಷ ವಾದಿಸಿಯೇ ತೀರುತ್ತದೆ. ಮಗುವನ್ನೂ ಪಕ್ಷಗಾರನನ್ನಾಗಿ ಮಾಡಬೇಕು, ಅದರ ಹಿತ ನೋಡಲು ಪೋಷಕರ ನೇಮಕವಾಗಬೇಕು. ಈ ಮೆಟ್ಟಿಲು ಬಿಟ್ಟ ದಾವೆಗಳು ವರ್ಷಗಳ ನಂತರ ಮತ್ತೆ ಮೊದಲಿನಿಂದ ಶುರುವಾಗುತ್ತವೆ. ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಲಿ ಎಂದು ಕಲಂ 11ರಡಿ ಕೇಳಿಕೊಳ್ಳಿ.

ಜನನ ಪ್ರಮಾಣಪತ್ರದಿಂದ ನಿಮ್ಮ ಹೆಸರು ತೆಗೆಸಿದರೆ ಮುಗಿಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಂಥ ವಿವಾದದಲ್ಲಿ ಕೋರ್ಟಿನ ಆದೇಶವಿಲ್ಲದೆ ನೋಂದಣಾಧಿಕಾರಿ ತಂದೆಯ ಹೆಸರು ಮುಟ್ಟುವುದಿಲ್ಲ. ಮುಟ್ಟಿದರೂ ಕಲಂ 116ಕ್ಕೆ ಆ ಪತ್ರ ಲೆಕ್ಕಕ್ಕಿಲ್ಲ. ಮದುವೆಯ ಹೊತ್ತಿಗೇ ಹೆಂಡತಿ ಬೇರೆಯವರಿಂದ ಗರ್ಭಿಣಿಯಾಗಿದ್ದರೆ ಮದುವೆಯನ್ನೇ ರದ್ದು ಮಾಡಿಸುವ ದಾರಿ ಹಿಂದೂ ವಿವಾಹ ಕಾಯ್ದೆಯ ಕಲಂ 12ರಲ್ಲಿದೆ, ಮದುವೆಯಾದ ಒಂದು ವರ್ಷದೊಳಗೆ. ಅದು ನಿಮಗೆ ಅನ್ವಯಿಸುವುದಿಲ್ಲ. ಗಂಡ-ಹೆಂಡತಿ ಒಪ್ಪಿ ದಾನಿಯ ವೀರ್ಯದಿಂದ ಚಿಕಿತ್ಸೆ ಪಡೆದಿದ್ದರೆ, 2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆಯಂತೆ ಮಗು ಆ ದಂಪತಿಯದ್ದೇ, ಅಲ್ಲಿ ತಕರಾರಿಗೆ ಜಾಗವೇ ಇಲ್ಲ.

ಹಣದ ಮಾತು

ಗೆಳೆಯನ ಸಲಹೆಯಲ್ಲಿ ಅತಿ ಅಪಾಯದ್ದು ‘ಒಂದು ಪೈಸೆಯನ್ನೂ ಕೊಡಬೇಡ’ ಎಂಬುದು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳೊಳಗೆ, ಸಾಧ್ಯವಾದ ಮಟ್ಟಿಗೆ, ತೀರ್ಮಾನಿಸಬೇಕು ಎಂದು ಕಾನೂನೇ ಹೇಳುತ್ತದೆ. ಡಿಎನ್‌ಎ ಪ್ರಶ್ನೆಗೆ ಉತ್ತರ ಬರುವ ಎಷ್ಟೋ ಮೊದಲೇ ಮಧ್ಯಂತರ ಆದೇಶ ಬಂದಿರುತ್ತದೆ. ತಪ್ಪಿಸಿದರೆ ಬಾಕಿ ವಸೂಲಿಗೆ ವಾರಂಟ್. ಆಗಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಎಂದು ಬಹಳ ಜನ ತಿಳಿದಿದ್ದಾರೆ, ತೀರುವುದಿಲ್ಲ. ಹಾಜರಾಗದೆ ಕುಳಿತರೆ ನಿಮ್ಮ ಮಾತು ಕೇಳದೆಯೇ ಎಕ್ಸ್‌ಪಾರ್ಟೆ ಆದೇಶವಾಗುತ್ತದೆ, ಅದನ್ನು ಬದಿಗಿಡಿಸಲು ಮೂರು ತಿಂಗಳೊಳಗೆ ಸಕಾರಣ ತೋರಿಸಬೇಕು. ಕೆಲಸ ಬಿಟ್ಟು ‘ಆದಾಯವಿಲ್ಲ’ ಎಂದರೂ, ದುಡಿಯಬಲ್ಲ ಗಂಡಸಿನ ದುಡಿಯುವ ಶಕ್ತಿಯನ್ನೇ ಕೋರ್ಟ್ ಆದಾಯವೆಂದು ನೋಡುತ್ತದೆ.

ಜೀವನಾಂಶ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಎಂದು 2020ರ ನವೆಂಬರ್‌ನ ರಜನೀಶ್–ನೇಹಾ ತೀರ್ಪು ಹೇಳಿದೆ. ಇಬ್ಬರೂ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಸಲ್ಲಿಸಬೇಕೆಂದೂ ಅದೇ ತೀರ್ಪು ಕಡ್ಡಾಯ ಮಾಡಿತು. ವಾದ ಎಷ್ಟೇ ಬಲವಾಗಿದ್ದರೂ ಈ ಅಫಿಡವಿಟ್‌ನಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದವರ ತಾರೀಖುಗಳನ್ನೂ ಯಾರೂ ನಂಬುವುದಿಲ್ಲ. ಮಗುವಿಗೆ ಸಂಬಳದ ಇಂತಿಷ್ಟು ಶೇಕಡಾ ಎಂಬ ನಿಯಮವಿಲ್ಲ. 15,000 ನಿಮಗೆ ಭಾರವಾದರೆ ಸಂಬಳ ಚೀಟಿ, ಬ್ಯಾಂಕ್ ವಿವರ, ಸಾಲದ ಕಂತು, ನಿಮ್ಮ ತಂದೆ-ತಾಯಿಯ ಔಷಧ ಖರ್ಚು, ಹೆಂಡತಿಗೆ ಆದಾಯವಿದ್ದರೆ ಅದರ ದಾಖಲೆ ಇಟ್ಟು ಮೊತ್ತವನ್ನೇ ಪ್ರಶ್ನಿಸಿ. ಬಹಳ ಪ್ರಕರಣಗಳಲ್ಲಿ ನಿಜವಾಗಿ ಗೆಲ್ಲಬಹುದಾದ ಭಾಗ ಇದೇ. ಕೊಡುವ ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ, ಕೈಗೆ ಕೊಟ್ಟದ್ದು ಕೊಟ್ಟಂತಲ್ಲ. ಕೋರ್ಟ್ ಆದೇಶದಂತೆ ಕೊಟ್ಟ ಮಾತ್ರಕ್ಕೆ ತಂದೆಯೆಂದು ಒಪ್ಪಿದಂತಾಗುವುದಿಲ್ಲ, ‘ತಕರಾರನ್ನು ಉಳಿಸಿಕೊಂಡು’ ಎಂದು ಮೆಮೊ ಹಾಕಿ ಪಾವತಿಸಬಹುದು. ಆದೇಶ ವಿರುದ್ಧವಾದರೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಪುನರೀಕ್ಷಣಾ ಅರ್ಜಿ, ವಕೀಲರ ಬಾಯಲ್ಲಿ ‘ಆರ್‌ಪಿಎಫ್‌ಸಿ’.

ಹೆಂಡತಿಯ 10,000ದ ಲೆಕ್ಕವೇ ಬೇರೆ. ‘ವ್ಯಭಿಚಾರದಲ್ಲಿ ಬದುಕುತ್ತಿರುವ’ ಹೆಂಡತಿಗೆ ಜೀವನಾಂಶವಿಲ್ಲ ಎಂಬುದು ಕಲಂ 144ರಲ್ಲಿದೆ. 2017ರಲ್ಲಿ ಒಮ್ಮೆ ನಡೆದಿರಬಹುದಾದ ಸಂಗತಿ ‘ಬದುಕುತ್ತಿರುವುದು’ ಆಗುವುದಿಲ್ಲ. ಆರೋಪ ಮಾಡಿ ಸಾಬೀತಾಗದೆ ಹೋದರೆ, ತಕರಾರಿನಲ್ಲಿ ಬರೆದ ಆ ಸಾಲುಗಳೇ ಮಾನಸಿಕ ಕ್ರೌರ್ಯ ಎಂದು 2003ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆಕೆ ಬೇರೆ ಇರಲು ಸಕಾರಣವನ್ನು ನೀವೇ ಒದಗಿಸಿದಂತಾಗುತ್ತದೆ. ಮಧ್ಯಸ್ಥಿಕೆಗೆ ಕಳುಹಿಸಿದರೆ ಹೋಗಿ. ಇಬ್ಬರೂ ಒಪ್ಪಿ ಪರೀಕ್ಷೆ ಮಾಡಿಸಿಕೊಳ್ಳುವುದು, ಪರಸ್ಪರ ಒಪ್ಪಿಗೆಯ ವಿಚ್ಛೇದನ, ಇವೆಲ್ಲ ಅಲ್ಲಿ ಶಾಂತವಾಗಿ ಮಾತಾಡಬಹುದಾದ ವಿಷಯಗಳು. ಆದರೆ ‘ಮಗುವಿಗೆ ಜೀವನಾಂಶ ಕೇಳುವುದಿಲ್ಲ’ ಎಂದು ತಾಯಿ ಬರೆದುಕೊಟ್ಟ ಕಾಗದ ಮಗುವನ್ನು ಕಟ್ಟಿಹಾಕುವುದಿಲ್ಲ, ಅದರ ಬೆಲೆಗೆ ಏನನ್ನೂ ಬಿಟ್ಟುಕೊಡಬೇಡಿ.

ಗೆದ್ದರೆ ಏನಾಗುತ್ತದೆ ಎಂಬುದನ್ನೂ ಈಗಲೇ ತಿಳಿದುಕೊಂಡಿರಿ. ಮುಂದಿನ ಜೀವನಾಂಶ ನಿಲ್ಲುತ್ತದೆ. ಕೊಟ್ಟದ್ದು ವಾಪಸ್ ಬರುವುದಿಲ್ಲ, 2014ರಲ್ಲಿ ಗಂಡನ ಪರ ತೀರ್ಪು ಕೊಟ್ಟಾಗಲೂ ಈಗಾಗಲೇ ಪಾವತಿಸಿದ್ದನ್ನು ವಸೂಲಿ ಮಾಡುವಂತಿಲ್ಲ ಎಂದೇ ಕೋರ್ಟ್ ಬರೆಯಿತು. ಹುಡುಗನಿಗೆ ನಿಮ್ಮ ಆಸ್ತಿಯಲ್ಲಿ ಪಾಲಿಲ್ಲ, ನಿಮಗೂ ಅವನನ್ನು ನೋಡುವ, ಕರೆದೊಯ್ಯುವ ಹಕ್ಕಿಲ್ಲ. ಏಳು ವರ್ಷ ಅಪ್ಪ ಎಂದು ಕರೆಸಿಕೊಂಡವರು ನೀವು. ಭೇಟಿಯ ಹಕ್ಕನ್ನೂ ಕೇಳಬೇಕು, ತಂದೆಯಲ್ಲ ಎಂಬ ಘೋಷಣೆಯನ್ನೂ ಕೇಳಬೇಕು ಎಂದು ಒಂದೇ ಕೋರ್ಟಿನಲ್ಲಿ ಎರಡು ಅರ್ಜಿ ಹಾಕಿದರೆ, ಒಂದರ ಪ್ರತಿಯನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ಎದುರು ವಕೀಲರೇ ಹಾಜರುಪಡಿಸುತ್ತಾರೆ. ಹಾಗಾಗಿ ತಕರಾರಿಗೆ ಸಹಿ ಹಾಕುವ ಮೊದಲು ಬೇಕಾದದ್ದು ಯಾವುದೆಂದು ವಕೀಲರಿಗೆ ಖಚಿತವಾಗಿ ಹೇಳಿ. ಮುಂದಿನ ವಾಯಿದೆಗೆ ಹೋಗುವಾಗ ಕಿಟ್‌ನ ವರದಿ ಮನೆಯಲ್ಲಿರಲಿ, 2017ರ ಪಾಸ್‌ಪೋರ್ಟ್ ಚೀಲದಲ್ಲಿರಲಿ.